ಯಾವ ನಾಡಿನ ಜಿರಾಫೆ

"ಗುರುಗಳೇ, ಯಾರು ನಮ್ಮವರು, ಯಾರು ಹೊರಗಿನವರು ಎಂಬುದು ನನಗೆ ಈಚೆಗೆ ತಿಳಿಯುತ್ತಲೇ ಇಲ್ಲ. ಈ ಗೊಂದಲ ಹೋಗುವುದು ಹೇಗೆ?"

ಹೀಗೆ ಕೇಳಿದವನು ಬೊಮ್ಮರಸನೆಂಬ ಶಿಷ್ಯ. ಅವನು ಗಡಿಯ ಹಳ್ಳಿಗಳಿಗೆ ಭಿಕ್ಷೆಗೆ ಹೋಗಿ ಬಂದಿದ್ದ. ಹೊಳೆಯ ಈಚೆಯವರು ಆಚೆಯವರನ್ನು ಕಳ್ಳರೆಂದು ಬೈದಿದ್ದರು. ಆಚೆಯವರೂ ಈಚೆಯವರನ್ನು ಹಾಗೆಯೇ ಬೈದಿದ್ದರು. ಎರಡು ಕಡೆಯೂ ಅವನನ್ನು ಕೂರಿಸಿ ಬಿಸಿ ರೊಟ್ಟಿ ಹಾಕಿದ್ದರು. ಮಠಕ್ಕೆ ಮರಳಿದ ಮೇಲೆ ಅವನ ಮನಸ್ಸು ಯಾವುದರಲ್ಲೂ ನಿಲ್ಲಲಿಲ್ಲ.

ಗುರು ಕರಿಸಿದ್ಧಯ್ಯನವರು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಸಮುದ್ರ ತೀರದಲ್ಲಿ ಒಂದು ರಾಜ್ಯವಿತ್ತು. ಅಲ್ಲಿಯ ರಾಜನಿಗೆ ದೂರದ ನಾಡುಗಳ ಮೃಗಗಳ ಮೇಲೆ ಬಲು ಮೋಹ. ಹಡಗು ಹೋದ ಕಡೆಯಿಂದೆಲ್ಲ ಒಂದೊಂದು ಪ್ರಾಣಿ ತರಿಸಿ ಅರಮನೆಯ ಹಿಂದಿನ ತೋಟದಲ್ಲಿ ಇರಿಸಿದ್ದ. ಹೊಟ್ಟೆಯ ಚೀಲದಲ್ಲಿ ಮರಿ ಹೊರುವ ಕಾಂಗರೂ ಆಸ್ಟ್ರೇಲಿಯಾದಿಂದ ಬಂದಿತ್ತು. ಚೀನಾದಿಂದ ಬಂದ ಪಾಂಡಾ ಲಾವಂಚದ ಒದ್ದೆ ತಟ್ಟಿಗಳ ನಡುವೆ ಕೂತು ದಿನವೆಲ್ಲ ಬಿದಿರು ಜಗಿಯುತ್ತಿತ್ತು. ರಷ್ಯಾದ ಕಂದು ಕರಡಿಗೆ ಒಂದು ಕೊಳವನ್ನೇ ತೋಡಿಸಿದ್ದರು. ಪ್ರತಿ ದೊಡ್ಡಿಯ ಮುಂದೆಯೂ ಒಂದು ಹಲಗೆ. ಅದರ ಮೇಲೆ ದೇಶದ ಹೆಸರು. ನೋಡಲು ಬಂದವರು ಮೊದಲು ಹಲಗೆ ಓದುತ್ತಿದ್ದರು, ಆಮೇಲೆ ಪ್ರಾಣಿಯ ಕಡೆ ತಿರುಗುತ್ತಿದ್ದರು. ಕರಡಿ ನಿದ್ದೆ ಮಾಡುತ್ತಿದ್ದರೆ ಆ ದೇಶದವರೆಲ್ಲ ಸೋಮಾರಿಗಳೆಂದು ನಗುತ್ತ ಮುಂದೆ ಹೋಗುತ್ತಿದ್ದರು.

ಆ ತೋಟಕ್ಕೆ ಒಬ್ಬ ಪಾಲಕನಿದ್ದ. ಮೃಗಗಳಿಗೆ ಮೇವು ನೀರು ಕೊಡುವುದು, ದೊಡ್ಡಿ ಗುಡಿಸುವುದು, ಕಾಯಿಲೆಯಾದರೆ ಪಕ್ಕದಲ್ಲಿ ಕೂರುವುದು ಅವನ ಕೆಲಸ. ಒಮ್ಮೆ ಕಡಲಾಚೆಯ ಒಂದು ರಾಜ್ಯದವರು ಒಂದು ಹೆಣ್ಣು ಜಿರಾಫೆಯನ್ನು ಕಾಣಿಕೆಯಾಗಿ ಕಳಿಸಿದರು. ಅದು ಬಸಿರಾಗಿತ್ತು. ತೋಟಕ್ಕೆ ಬಂದ ಸ್ವಲ್ಪ ಕಾಲಕ್ಕೆ ಮರಿ ಹಾಕಿ ಸತ್ತುಹೋಯಿತು. ಪಾಲಕನ ಹೆಂಡತಿ ಮನೆಯ ಹಸುವಿನ ಹಾಲು ಕುಡಿಸಿ ಮರಿಯನ್ನು ಉಳಿಸಿದಳು. ಹಾಲು ಕುಡಿಸಲು ಅವಳೇ ಏಣಿ ಹತ್ತಬೇಕಾದಾಗ ಅದಕ್ಕೆ ನೀಳವ್ವ ಎಂದು ಹೆಸರಿಟ್ಟಳು. ನೀಳವ್ವ ಜಾಲಿಯ ಎಲೆ, ಹಲಸಿನ ಸೊಪ್ಪು ತಿಂದು ಬೆಳೆಯಿತು. ಬೇಲಿಯ ಮೇಲಿಂದ ತಲೆ ಚಾಚಿ, ಪಾಲಕನ ಮುಂಡಾಸನ್ನು ಕಿತ್ತುಕೊಳ್ಳುವುದು ಅದಕ್ಕೆ ದಿನದ ಆಟ. ದೊಡ್ಡಿಯ ಹಲಗೆ ಮಾತ್ರ ತಾಯಿಯ ಕಾಲದ್ದೇ ಉಳಿದಿತ್ತು. ಅದನ್ನು ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಹೀಗಿರಲು ಆ ಕಡಲಾಚೆಯ ರಾಜ್ಯಕ್ಕೂ ಇವರಿಗೂ ಯುದ್ಧ ಹತ್ತಿತು. ಸಮುದ್ರದ ಮೇಲಿನ ಕಾಳಗದಲ್ಲಿ ರಾಜನ ತಮ್ಮ ಸತ್ತ. ರಾಜನ ದುಃಖ ಸಿಟ್ಟಿಗೆ ತಿರುಗಿತು. ಆ ನಾಡಿನದೆಂಬುದು ಒಂದೂ ತನ್ನ ನೆಲದ ಮೇಲೆ ಉಳಿಯಬಾರದೆಂದು ಅಪ್ಪಣೆ ಮಾಡಿದ. ಜನ ಆ ನಾಡಿನ ಬಟ್ಟೆಗಳನ್ನು ತಂದು ಬೀದಿಯಲ್ಲಿ ಸುಟ್ಟರು. ಅಲ್ಲಿಯ ಜಾಡಿಗಳನ್ನು ಒಡೆದರು. ಒಡೆಯಲು ಸುಡಲು ಇನ್ನೇನೂ ಸಿಗದಿದ್ದಾಗ ಯಾರೋ ಜಿರಾಫೆಯ ಹೆಸರೆತ್ತಿದರು.

ದಳವಾಯಿ ಈಟಿ ಹಿಡಿದ ಆಳುಗಳೊಡನೆ ತೋಟಕ್ಕೆ ಬಂದ. ಹಲಗೆ ಓದಿ, "ಇದನ್ನು ಹೊರಗೆ ಹೊಡಿ" ಎಂದ.

ಪಾಲಕ ದೊಡ್ಡಿಯ ಬಾಗಿಲಿಗೆ ಅಡ್ಡ ಬಂದ. "ಬುದ್ಧಿ, ಇದು ಹುಟ್ಟಿದ್ದು ಇಲ್ಲೇ" ಎಂದ.

"ಇದರ ತಾಯಿ ಎಲ್ಲಿಯದು?"

"ತಾಯಿ ಅಲ್ಲಿಯದು, ಬುದ್ಧಿ."

"ಹಾಗಾದರೆ ಇದೂ ಅಲ್ಲಿಯದೇ."

ಮಾತು ಸರಿಯಾಗಿಯೇ ಇತ್ತು. ಆದರೆ ಪಾಲಕನ ಸ್ವಂತ ತಾಯಿ ಘಟ್ಟದಾಚೆಯ ಬೇರೆ ರಾಜ್ಯದವಳು. ಆ ಲೆಕ್ಕದಲ್ಲಿ ತಾನು ಎಲ್ಲಿಯವನು? ಇದುವರೆಗೆ ಈ ಪ್ರಶ್ನೆ ಅವನಿಗೆ ಬಂದಿರಲಿಲ್ಲ. ಈಗ ಬಂದದ್ದು ಹೋಗಲಿಲ್ಲ. ಅವನು ದಳವಾಯಿಯ ಮುಖ ನೋಡಿದ, ಜಿರಾಫೆಯ ಮುಖ ನೋಡಿದ. ಏನು ಹೇಳಿದರೆ ಸರಿ ಎಂದು ತಿಳಿಯದೆ, "ಇದು ಆ ನಾಡನ್ನು ಕಂಡೇ ಇಲ್ಲವಲ್ಲ, ಬುದ್ಧಿ" ಎಂದಷ್ಟೇ ಅಂದ.

ದಳವಾಯಿ ಕೆಟ್ಟವನಲ್ಲ. ಅಪ್ಪಣೆಯಲ್ಲಿ ತಪ್ಪಾಗಬಾರದು ಎಂಬ ಅಂಜಿಕೆ ಅವನಿಗೂ ಇತ್ತು. ಇಲ್ಲಿಯ ಪ್ರಾಣಿಯನ್ನು ಅಲ್ಲಿಯದೆಂದು ಕೊಂದರೆ ಅದೂ ಅಪರಾಧವೇ. ಸೆರೆಮನೆಯಲ್ಲಿ ಆ ನಾಡಿನ ಒಬ್ಬ ನಾವಿಕನಿದ್ದ. ಯುದ್ಧಕ್ಕೆ ಮುಂಚೆ ವ್ಯಾಪಾರದ ಹಡಗಿನಲ್ಲಿ ಬರುತ್ತಿದ್ದವನು, ಇಲ್ಲಿಯ ಮಾತು ಬಲ್ಲವನು. ಅವನನ್ನು ಕರೆತಂದು ಗುರುತು ಹಿಡಿಸುವುದೆಂದು ದಳವಾಯಿ ತೀರ್ಮಾನಿಸಿದ. ತರಲು ಪಾಲಕನನ್ನೇ ಒಬ್ಬ ಆಳಿನ ಜೊತೆ ಕಳಿಸಿದ.

ದಾರಿಯಲ್ಲಿ ಪಾಲಕ ನಾವಿಕನಿಗೆ ಎಲ್ಲವನ್ನೂ ಹೇಳಿದ. ಆಮೇಲೆ ದನಿ ತಗ್ಗಿಸಿ, "ಅದು ನಿಮ್ಮ ನಾಡಿನದಲ್ಲ ಅಂದುಬಿಡಪ್ಪ" ಎಂದು ಬೇಡಿಕೊಂಡ.

ನಾವಿಕ ತಲೆ ಅಲ್ಲಾಡಿಸಿದ. "ಅಣ್ಣಾ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ನನ್ನ ತಲೆಯೂ ಹೋಗುತ್ತದೆ. ನೋಡಿದ ಮೇಲೆ ಕಂಡದ್ದನ್ನು ಹೇಳುತ್ತೇನೆ."

ಪಾಲಕನಿಗೆ ಅಳು ಬಂತು. ತನ್ನ ಕೈಯಿಂದಲೇ ನೀಳವ್ವನ ಸಾವನ್ನು ಕರೆದು ತರುತ್ತಿದ್ದೇನೆ ಅನ್ನಿಸಿತು. ಹಿಂದಕ್ಕೆ ಹೋಗುವಂತಿರಲಿಲ್ಲ, ಮುಂದಕ್ಕೆ ಕಾಲು ಬರುತ್ತಿರಲಿಲ್ಲ.

ತೋಟದೊಳಗೆ ಬಂದ ನಾವಿಕ ಜಿರಾಫೆಯ ಕಾಲುಗಳನ್ನು ಮೊದಲು ಕಂಡ. ಆಮೇಲೆ ಕತ್ತೆತ್ತಿದ. ಎತ್ತುತ್ತಲೇ ಹೋದ. ತಲೆ ಕಂಡೊಡನೆ ಹಿಂದಕ್ಕೆ ಹಾರಿ ಪಾಲಕನ ತೋಳು ಹಿಡಿದುಕೊಂಡ.

"ಇದೇನಿದು?"

"ನಿನ್ನ ನಾಡಿನ ಪ್ರಾಣಿ" ಎಂದ ದಳವಾಯಿ.

"ಒಡೆಯಾ, ಇಂಥದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ನಮ್ಮೂರಲ್ಲಿ ಸಮುದ್ರವಿದೆ, ಮೀನಿದೆ, ಆಡುಗಳಿವೆ. ಇದಿಲ್ಲ."

ದಳವಾಯಿಗೆ ಸಿಟ್ಟು ಬಂತು. "ಸುಳ್ಳು ಹೇಳಬೇಡ. ನಿಮ್ಮ ಹಡಗಿನ ಪತಾಕೆಯ ಮೇಲೆ ಇದರದೇ ಚಿತ್ರವಿದೆ."

ನಾವಿಕ ಮತ್ತೊಮ್ಮೆ ಮೇಲಕ್ಕೆ ನೋಡಿದ. ನಿಧಾನವಾಗಿ ಅವನ ಬಾಯಿ ತೆರೆದುಕೊಂಡಿತು. "ಹೌದು, ಒಡೆಯಾ. ಅದೇ ಕುತ್ತಿಗೆ. ಇಷ್ಟು ಕಾಲ ಆ ಪತಾಕೆಯ ಕೆಳಗೆ ಹುಟ್ಟು ಹಾಕುತ್ತ ಬಂದಿದ್ದೇನೆ. ಅದು ಚಿತ್ರ ಬರೆದವನ ಕಲ್ಪನೆ ಅಂದುಕೊಂಡಿದ್ದೆ. ನಿಮ್ಮ ಪತಾಕೆಯ ಮೇಲೆ ಎರಡು ತಲೆಯ ಹಕ್ಕಿಯಿದೆ. ಅದನ್ನು ನೀವು ಯಾರಾದರೂ ಕಂಡಿದ್ದೀರಾ?"

ಈಟಿ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ನೀಳವ್ವ ಬಗ್ಗಿ ನಾವಿಕನ ತಲೆಯನ್ನು ಮೂಸಿತು. ಅವನು ಕಣ್ಣು ಮುಚ್ಚಿ ನಡುಗುತ್ತ ನಿಂತ. ಏನೂ ಆಗದಿದ್ದಾಗ ಕಣ್ಣು ಬಿಟ್ಟು ನಕ್ಕ. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಅವನಿಗೆ ತನ್ನ ನಾಡು ನೆನಪಾಯಿತೋ, ಹೆದರಿಕೆಯೋ, ಪಾಲಕನಿಗೆ ತಿಳಿಯಲಿಲ್ಲ.

ವಿಷಯ ರಾಜನ ಮುಂದೆ ಹೋಯಿತು. ರಾಜ ಪಂಡಿತರನ್ನು ಕರೆಸಿದ. ಒಬ್ಬರು ಬೀಜ ಯಾವ ನಾಡಿನದೋ ಬೆಳೆಯೂ ಆ ನಾಡಿನದೇ ಎಂದರು. ಇನ್ನೊಬ್ಬರು ಹೊಲ ಯಾರದೋ ಬೆಳೆ ಅವರದು ಎಂದರು. ಮೂರನೆಯವರು ಮೈ ಬೆಳೆದದ್ದು ಯಾವ ನೆಲದ ಸೊಪ್ಪಿನಿಂದ ಎಂದು ನೋಡಬೇಕೆಂದರು. ಒಬ್ಬ ವೃದ್ಧ ಪಂಡಿತರು ಎದ್ದು, "ತಾಯಿ ಹೊರಗಿನವಳಾದರೆ ಮಗುವೂ..." ಎಂದು ಶುರು ಮಾಡಿದರು. ರಾಜನ ತಾಯಿ ಹೊರನಾಡಿನಿಂದ ಮದುವೆಯಾಗಿ ಬಂದವಳೆಂಬುದು ನೆನಪಾಗಿ, ಕೆಮ್ಮುತ್ತ ಕೂತುಬಿಟ್ಟರು.

ಸಭೆ ಕತ್ತಲಾಗುವವರೆಗೂ ನಡೆಯಿತು. ಬೆಳಿಗ್ಗೆ ರಾಜನಿಗೆ ಎಲ್ಲವೂ ಖಚಿತವಾಗಿತ್ತು. ಸಂಜೆಗೆ ಏನೂ ಖಚಿತವಿರಲಿಲ್ಲ. "ಇದು ಯಾವ ನಾಡಿನದೆಂದು ತೀರ್ಮಾನವಾಗುವವರೆಗೆ ಕೊಲ್ಲಬೇಡಿ" ಎಂದ. ಹಲಗೆಯನ್ನು ತೆಗೆಸಿದ. ಸಾಕ್ಷಿ ಬೇಕಾದೀತೆಂದು ನಾವಿಕನನ್ನು ತೋಟದಲ್ಲೇ ಇರಿಸಿದ.

ಪಾಲಕ ಮನೆಗೆ ಬಂದು ಕಂಬಕ್ಕೆ ಒರಗಿ ಕೂತ. ಹೆಂಡತಿ, "ಉಳಿಯಿತಲ್ಲ, ಇನ್ನೂ ಯಾಕೆ ಹೀಗೆ ಕೂತಿದ್ದೀರಿ?" ಎಂದು ಕೇಳಿದಳು.

"ಉಳಿಯಿತೋ ಇಲ್ಲವೋ ಗೊತ್ತಿಲ್ಲ ಕಣೇ. ಅದು ಇಲ್ಲಿಯದು ಅಂತ ನಾನು ಅಂದುಕೊಂಡಿದ್ದೆ. ಇವರೆಲ್ಲ ಮಾತಾಡಿದ್ದು ಕೇಳಿದ ಮೇಲೆ ಅದೂ ಗೊತ್ತಾಗುತ್ತಿಲ್ಲ."

ಅವಳು ಚೆಂಬು ಎತ್ತಿಕೊಂಡು ಹಾಲು ಕರೆಯಲು ಹೋದಳು.

ಅಂದಿನಿಂದ ಪಾಲಕ ಹೆದರಿಕೊಂಡೇ ಏಳುತ್ತಿದ್ದ. ಇವತ್ತು ಪಂಡಿತರಿಗೆ ಉತ್ತರ ಹೊಳೆದುಬಿಟ್ಟರೆ? ಅರಮನೆಯ ಕಡೆಯಿಂದ ಯಾರಾದರೂ ಬೇಗ ಬೇಗ ನಡೆದು ಬಂದರೆ ಅವನು ಪೊರಕೆ ಬಿಟ್ಟು ನೀಳವ್ವನ ದೊಡ್ಡಿಗೆ ಓಡುತ್ತಿದ್ದ. ನೋಡಲು ಬಂದವರು ಹಲಗೆ ಕಾಣದೆ, "ಇದು ಯಾವ ದೇಶದ್ದು?" ಎಂದು ಕೇಳುತ್ತಿದ್ದರು. ಅವನು ಗೊತ್ತಿಲ್ಲವೆನ್ನುತ್ತಿದ್ದ. ಉತ್ತರ ಸಿಗದ ಜನ ಬೇರೆ ದಾರಿಯಿಲ್ಲದೆ ಪ್ರಾಣಿಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಅದರ ರೆಪ್ಪೆ ಎಷ್ಟು ಉದ್ದ, ನಾಲಿಗೆ ಎಷ್ಟು ಕಪ್ಪು ಎಂದು ಮಾತಾಡಿಕೊಳ್ಳುತ್ತಿದ್ದರು. ನಾವಿಕ ಏಣಿ ಹತ್ತಿ ಸೊಪ್ಪು ಕಟ್ಟಲು ಕಲಿತ. ಮಳೆ ಬಂದಾಗ ಇಬ್ಬರೂ ಕಾಂಗರೂವಿನ ಮಾಡಿನ ಕೆಳಗೆ ಕೂತು ಒಂದೇ ಬುತ್ತಿ ಉಣ್ಣುತ್ತಿದ್ದರು.

ಕೊನೆಗೆ ಎರಡೂ ರಾಜ್ಯಗಳು ಸೋತು ಸುಣ್ಣವಾಗಿ ಸಂಧಿಗೆ ಒಪ್ಪಿದವು. ಆ ನಾಡಿನ ದೂತ ಬಂದ. ಸೆರೆಯಲ್ಲಿರುವ ನಮ್ಮವರನ್ನು ಬಿಡಿ ಎಂದ. ನಮ್ಮ ನಾಡಿನ ಜಿರಾಫೆಯನ್ನೂ ಒಪ್ಪಿಸಿ ಎಂದ.

ಆಗ ದಳವಾಯಿಯೇ ಎದ್ದು ನಿಂತ. "ಅದು ಹೇಗೆ ನಿಮ್ಮದು? ಹುಟ್ಟಿದ್ದು ನಮ್ಮ ತೋಟದಲ್ಲಿ. ಕುಡಿದದ್ದು ನಮ್ಮ ಹಸುವಿನ ಹಾಲು" ಎಂದು ಗುಡುಗಿದ.

ಬಾಗಿಲ ಬಳಿ ನಿಂತಿದ್ದ ಪಾಲಕ ತನ್ನ ಕಿವಿಯನ್ನೇ ನಂಬಲಿಲ್ಲ. ಈ ಮಾತನ್ನೇ ಅಲ್ಲವೇ ತಾನು ಅಂದು ಹೇಳಿದ್ದು? ಅಂದು ಸುಳ್ಳಾದದ್ದು ಇಂದು ನಿಜವಾದದ್ದು ಹೇಗೆ? ಅಂದು ನಿಜವಾಗಿದ್ದರೆ ಈಟಿಗಳು ಯಾಕೆ ಬಂದವು? ಒಳಗೆ ಮಾತಿಗೆ ಮಾತು ಬೆಳೆದು, ಸಂಧಿ ಮುರಿಯುವ ಹಾಗಾಯಿತು. ಮತ್ತೆ ಯುದ್ಧಕ್ಕೆ ಹೋಗುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಜಿರಾಫೆಯ ಪ್ರಶ್ನೆಯನ್ನು ಮುಂದೆ ನೋಡೋಣವೆಂದು ಬದಿಗಿಟ್ಟು ಎರಡೂ ಕಡೆಯವರು ಮುದ್ರೆ ಒತ್ತಿದರು. ಆ ಮುಂದೆ ಎಂಬುದು ಬರಲೇ ಇಲ್ಲ.

ನಾವಿಕ ಊರಿಗೆ ಹೊರಟ. ಹೋಗುವ ಮುಂಚೆ ಏಣಿ ಹತ್ತಿ ನೀಳವ್ವನ ಕೆನ್ನೆ ಸವರಿದ. "ಅಣ್ಣಾ, ಪತಾಕೆಯ ಪ್ರಾಣಿ ನಿಜವಾಗಿ ಇದೆ ಅಂತ ನಮ್ಮೂರಲ್ಲಿ ಹೇಳುತ್ತೇನೆ. ಯಾರೂ ನಂಬುವುದಿಲ್ಲ" ಎಂದ. ಪಾಲಕ ಬಂದರಿನವರೆಗೆ ಅವನ ಗಂಟು ಹೊತ್ತುಕೊಂಡು ಹೋದ. ಹಡಗು ಮರೆಯಾದ ಮೇಲೂ ಬಹಳ ಹೊತ್ತು ಅಲ್ಲಿಯೇ ನಿಂತಿದ್ದ. ಹೋದವನು ತನಗೆ ಏನಾಗಬೇಕು ಎಂದು ಯಾರಾದರೂ ಕೇಳಿದ್ದರೆ ಅವನ ಬಳಿ ಉತ್ತರವಿರುತ್ತಿರಲಿಲ್ಲ.

ನೀಳವ್ವ ತುಂಬು ಆಯುಷ್ಯ ಬಾಳಿತು. ಒಂದು ಮಧ್ಯಾಹ್ನ ಜಾಲಿಯ ನೆರಳಲ್ಲಿ ಮಲಗಿದ್ದು ಮತ್ತೆ ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬೊಮ್ಮರಸ ಕಾದ. ಮುಂದಿನ ಮಾತು ಬರಲಿಲ್ಲ. ಕತೆ ಕೇಳುವ ಮುಂಚೆ ಇದ್ದುದಕ್ಕಿಂತ ಅವನ ಗೊಂದಲ ಈಗ ಹೆಚ್ಚಾಗಿತ್ತು. ಬೀಜದ ಮಾತೂ ಸರಿಯೆನಿಸಿತು, ಹೊಲದ ಮಾತೂ ಸರಿಯೆನಿಸಿತು. ಗುರುಗಳು ಮರೆತಿರಬೇಕೆಂದುಕೊಂಡು ಅವನೇ ಕೇಳಿದ:

"ಗುರುಗಳೇ, ಕೊನೆಗೂ ಅದು ಯಾವ ನಾಡಿನದೆಂದು ತೀರ್ಮಾನವಾಯಿತು?"

"ತೀರ್ಮಾನವಾಗಿದ್ದರೆ ಅದು ಅಂದೇ ಸಾಯುತ್ತಿತ್ತು" ಎಂದರು ಗುರುಗಳು.