ಡೋಜರ್ ಕಟ್ಟಿದ ಕೈ

ಭಾರಿ ಯಂತ್ರಗಳನ್ನು ಟ್ರೇಲರ್ ಮೇಲೇರಿಸಿ ಊರಿಂದೂರಿಗೆ ಸಾಗಿಸುವವರೆಲ್ಲ ಗಾದಿಲಿಂಗಪ್ಪನವರನ್ನು ಗುರುಗಳು ಎಂದೇ ಕರೆಯುತ್ತಿದ್ದರು. ಸಂಡೂರಿನ ಗುಡ್ಡದ ದಾರಿಗಳಲ್ಲಿ ಅವರು ಕಟ್ಟಿದ ಹೊರೆ ಎಂದೂ ಜರುಗಿರಲಿಲ್ಲ.

ಅವರ ಬಳಿ ಕೆಲಸ ಕಲಿಯಲು ಎರ್ರಿಸ್ವಾಮಿ ಬಂದ. ಲಾರಿ ಓಡಿಸಿ ಪಳಗಿದವನು, ಒಬ್ಬ ಮಗಳ ತಂದೆ. ತೋಳಿನಲ್ಲಿ ಬಲವಿತ್ತು. ಆ ಬಲದ ಮೇಲೆ ಅವನಿಗೆ ನಂಬಿಕೆಯೂ ಇತ್ತು.

ಒಂದು ಬೆಳಿಗ್ಗೆ ಗುಡ್ಡದಾಚೆಗೆ ಸಾಗಿಸಬೇಕಾದ ಡೋಜರ್ ಟ್ರೇಲರ್ ಏರಿ ನಿಂತಿತು. ಮಣ್ಣು ತಳ್ಳುವ ಅದರ ಅಲಗನ್ನು ಬಿಚ್ಚಿ ಹಿಂದೆ ಮಲಗಿಸಿದ್ದರು. ಗುರುಗಳು ಸರಪಳಿಗಳನ್ನು ತರಲು ಹೇಳಿದರು.

ಎರ್ರಿಸ್ವಾಮಿ ಕೇಳಿದ, "ಇಷ್ಟು ಭಾರದ ಯಂತ್ರ ಎಲ್ಲಿಗೆ ಹೋಗುತ್ತೆ ಗುರುಗಳೇ? ಅದರ ಭಾರವೇ ಅದನ್ನ ಹಿಡಿದುಕೊಳ್ಳಲ್ಲವಾ?"

ಗುರುಗಳು ಅಂಗಳದಲ್ಲಿದ್ದವರನ್ನೆಲ್ಲ ದೂರ ಕಳಿಸಿದರು. ಡೋಜರಿನ ಮುಂದೆ ಒಂದು ಗೇಣು ಜಾಗ ಬಿಟ್ಟು ದಪ್ಪ ಮರದ ದಿಮ್ಮಿಗಳನ್ನು ಭದ್ರವಾಗಿ ಕೂರಿಸಿದರು. ಗಾಡಿಯನ್ನು ಮನುಷ್ಯ ನಡೆಯುವಷ್ಟು ನಿಧಾನಕ್ಕೆ ಬಿಟ್ಟು, ಬ್ರೇಕು ತುಳಿದರು.

ಗಾಡಿ ನಿಂತಿತು. ಡೋಜರ್ ನಿಲ್ಲಲಿಲ್ಲ.

ಕಬ್ಬಿಣದ ಮೇಲೆ ಕಬ್ಬಿಣ ಸದ್ದಿಲ್ಲದೆ ಸರಿಯಿತು. ನೀರಿನ ಮೇಲೆ ದೋಣಿ ಸರಿದ ಹಾಗೆ. ದಿಮ್ಮಿಗೆ ತಾಗಿದಾಗ ದೂರದಲ್ಲಿ ನಿಂತಿದ್ದ ಎರ್ರಿಸ್ವಾಮಿಯ ಅಂಗಾಲಿನ ಕೆಳಗೆ ನೆಲ ಅದುರಿತು.



ಗುರುಗಳು ಇಳಿದು ಬಂದರು. "ಗಾಡಿ ನಿಂತಿದೆ ಅಂತ ಅದಕ್ಕೆ ಯಾರಾದರೂ ಹೇಳಬೇಕಲ್ಲ?" ಎಂದರು.

ಡೋಜರನ್ನು ಹಿಂದಕ್ಕೆ ಸರಿಸಿ ದಿಮ್ಮಿಗಳನ್ನು ತೆಗೆದ ಮೇಲೆ ಎರ್ರಿಸ್ವಾಮಿ ಸರಪಳಿ ಎತ್ತಿಕೊಂಡ. ಮುಂದಿನವು ಮುಂದಕ್ಕೆ, ಹಿಂದಿನವು ಹಿಂದಕ್ಕೆ ಎಳೆಯುವಂತೆ ನಾಲ್ಕು ಮೂಲೆಗೂ ಬಿಗಿದ. ಅಲಗಿನ ಮೇಲೆ ಬೆಲ್ಟು ಹಾಯಿಸಿ ಕಟ್ಟಿದ. ಗುರುಗಳು ಎಲ್ಲವನ್ನೂ ಮುಟ್ಟಿ ನೋಡಿದರು. ಬೆಲ್ಟು ಸಡಿಲಿಸಿ, ಅಲಗಿನ ಚೂಪು ಅಂಚಿಗೆ ಹಳೇ ಟೈರಿನ ತುಂಡೊಂದನ್ನು ಕೊಟ್ಟು, ಮತ್ತೆ ಬಿಗಿಯಲು ಸನ್ನೆ ಮಾಡಿದರು.

ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಲ್ಲಿಸಿದರು. ಒಂದು ಸರಪಳಿ ಜೋತು ಬಿದ್ದಿತ್ತು.

"ನಾನು ಬಿಗಿಯಾಗೇ ಕಟ್ಟಿದ್ದೆ ಗುರುಗಳೇ."

"ಹೌದು, ಆಗ ಬಿಗಿಯಾಗಿತ್ತು."

ಎರ್ರಿಸ್ವಾಮಿ ಮತ್ತೆ ಬಿಗಿದ. ಈ ಸಲ ಉಳಿದವನ್ನೂ ಒಂದೊಂದಾಗಿ ಎಳೆದು ನೋಡಿದ.

ಗುಡ್ಡ ಹತ್ತಿ ಇಳಿಜಾರಿಗೆ ಬಂದರು. ಗುರುಗಳು ಕೆಳಗಿನ ಗೇರಿನಲ್ಲಿ ನಿಧಾನಕ್ಕೆ ಇಳಿಸುತ್ತಿದ್ದರು. ತಿರುವು ದಾಟಿದ್ದೇ ತಡ, ಎದುರಿಗೆ ಕೆಟ್ಟು ನಿಂತ ಬಸ್ಸು. ಜನ ರಸ್ತೆಯ ಮೇಲೆಯೇ ಇದ್ದರು. ಒಬ್ಬ ಮುದುಕ ಬುತ್ತಿ ಬಿಚ್ಚಿದ್ದ. ಒಬ್ಬ ತಾಯಿ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು.

ಗುರುಗಳು ಬ್ರೇಕು ತುಳಿದರು.

ಎರ್ರಿಸ್ವಾಮಿ ತಿರುಗಿ ಹಿಂದಿನ ಕಿಟಕಿಯಲ್ಲಿ ನೋಡಿದ. ಡೋಜರ್ ಮುಂದಕ್ಕೆ ತೂಗಿತು. ಸರಪಳಿಗಳು ನರಳಿದವು. ಅಷ್ಟು ದೊಡ್ಡ ಭಾರ, ಬರಲು ಹೊರಟು, ಇದ್ದಲ್ಲೇ ಉಳಿಯಿತು.

ಗಾಡಿ ಜನರಿಂದ ನಾಲ್ಕು ಮಾರು ಈಚೆಗೆ ನಿಂತಿತು.

ಆ ತಾಯಿ ಒಮ್ಮೆ ಕತ್ತೆತ್ತಿ ನೋಡಿ, ತಪ್ಪಿದ ಬೈತಲೆಯನ್ನು ಮತ್ತೆ ಹುಡುಕತೊಡಗಿದಳು. ಮುದುಕ ರೊಟ್ಟಿ ಮುರಿದ.

ಎರ್ರಿಸ್ವಾಮಿ ಕೆಳಗಿಳಿದು ಗಾಡಿಯ ಸುತ್ತ ಬಂದ. ಟೈರಿನ ತುಂಡಿನೊಳಗೆ ಅಲಗು ಬೆರಳಿನಷ್ಟು ಇಳಿದಿತ್ತು. ಬೆಲ್ಟಿಗೆ ಗೀರೂ ಬಿದ್ದಿರಲಿಲ್ಲ. ಸರಪಳಿಯ ಮೇಲೆ ಅಂಗೈ ಇಟ್ಟ. ಅದು ಒಳಗೊಳಗೇ ಇನ್ನೂ ಅದುರುತ್ತಿದೆ ಅನ್ನಿಸಿತು. ಆಮೇಲೆ ತಿಳಿಯಿತು, ಅದುರುತ್ತಿದ್ದದ್ದು ಅವನ ಕೈ.

ರಸ್ತೆಯಲ್ಲಿದ್ದವರನ್ನು ನೋಡಿದ. ಗುಡ್ಡದಂಥ ಯಂತ್ರವನ್ನು ನೋಡಿದ. ಎರಡರ ನಡುವೆ ತಾನು ಬಿಗಿದ ಕೆಲವು ಕೊಂಡಿಗಳು. ದೇವರ ಮುಂದೆ ನಿಂತವನ ಹಾಗೆ ಅವನು ಚಪ್ಪಲಿ ಬಿಟ್ಟ. ಯಾಕೆ ಬಿಟ್ಟನೆಂದು ಅವನಿಗೇ ಗೊತ್ತಾಗಲಿಲ್ಲ.

ಗುರುಗಳು ಪಕ್ಕಕ್ಕೆ ಬಂದು ನಿಂತರು. ಎರ್ರಿಸ್ವಾಮಿ ನಾಚಿಕೊಂಡು ಕೈಗಳನ್ನು ಹೆಗಲ ಮೇಲಿನ ಟವೆಲಿನೊಳಗೆ ಮುಚ್ಚಿಟ್ಟುಕೊಂಡ.

"ಗುರುಗಳೇ, ಈ ನಡುಕ ಯಾವಾಗ ಹೋಗುತ್ತೆ?"

"ಹೋದ ದಿನ ನನಗೆ ಹೇಳಪ್ಪ. ಅವತ್ತಿನಿಂದ ನಿನ್ನ ಗಾಡಿ ಬರುವ ದಾರಿಯಲ್ಲಿ ನಾನು ನಡೆಯಲ್ಲ."