ಇಳಿಜಾರಿನ ಅಂದಾಜು ಪಟ್ಟಿ

ಮರುಳಯ್ಯ ಸ್ವಾಮಿಗಳ ಮಠ ಹೊಳೆಯ ದಂಡೆಯಲ್ಲಿತ್ತು. ಕೀಲುನೋವಿಗೆ ಅವರು ಕಾಯಿಸಿ ಕೊಡುತ್ತಿದ್ದ ಎಣ್ಣೆಗಾಗಿ ದೂರದ ಊರುಗಳಿಂದ ಜನ ಬರುತ್ತಿದ್ದರು. ಬಂದವರಿಗೆ ಉಳಿಯಲು ಜಾಗವಿರಲಿಲ್ಲ. ಜಗಲಿಯಲ್ಲೇ ಮಲಗುತ್ತಿದ್ದರು.

ಮಠದ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಅವರಿಗಾಗಿ ಒಂದು ಮನೆ ಕಟ್ಟುವುದೆಂದು ತೀರ್ಮಾನವಾಯಿತು. ಸುತ್ತಲಿನ ಊರಿನವರು ಇಪ್ಪತ್ನಾಲ್ಕು ಲಕ್ಷ ಒಟ್ಟುಮಾಡಿ ಕೊಟ್ಟರು.

ಸ್ವಾಮಿಗಳು ಕೆಲಸವನ್ನು ಶಿಷ್ಯ ಮಹಲಿಂಗನಿಗೆ ಒಪ್ಪಿಸಿದರು. ಮಠ ಸೇರುವ ಮೊದಲು ಅವನು ಬಯಲುಸೀಮೆಯ ಮೇಸ್ತ್ರಿಯೊಬ್ಬರ ಕೈಕೆಳಗೆ ಹನ್ನೊಂದು ವರ್ಷ ದುಡಿದಿದ್ದ.

ಎಂಟು ದಿನದಲ್ಲಿ ಅವನು ಅಂದಾಜು ಪಟ್ಟಿ ತಂದ. ಆರು ಕೋಣೆ, ಒಂದೇ ಸಾಲು, ಒಂದೇ ಮಟ್ಟ.

"ಇಪ್ಪತ್ನಾಲ್ಕು ಲಕ್ಷಕ್ಕೆ ಸರಿಯಾಗಿ ಕೂತಿದೆ ಬುದ್ಧಿ. ಒಂದು ರೂಪಾಯಿ ಆಚೀಚೆ ಇಲ್ಲ."

ಸ್ವಾಮಿಗಳು ಹಾಳೆಯನ್ನು ತಿರುಗಿಸಿ ನೋಡಿದರು. "ಎಲ್ಲಿ ಕೂತು ಬರೆದೆ?"

"ಇಲ್ಲೇ, ಜಗಲಿ ಮೇಲೆ."

"ಜಗಲಿ ಮಟ್ಟಸವಾಗಿದೆ. ಕಟ್ಟೋ ಜಾಗದಲ್ಲಿ ಕೂತು ಇನ್ನೊಂದು ಸಲ ಬರೆ. ನಾನು ಬಂದ ಮೇಲೆ ನೋಡೋಣ."

ಮರುದಿನ ಸ್ವಾಮಿಗಳು ಹಳ್ಳಿಗಳ ಕಡೆ ಹೊರಟರು. ಮರಳುವುದು ಒಂದು ತಿಂಗಳ ಮೇಲೆ.

ಮಹಲಿಂಗ ಹಾಳೆ ಹಿಡಿದು ಇಳಿಜಾರು ಹತ್ತಿದ. ಅಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಹಾಳೆ ಜಾರುತ್ತಿತ್ತು, ಪೆನ್ಸಿಲ್ ಉರುಳುತ್ತಿತ್ತು. ಎಲ್ಲಿ ಕೂತು ಬರೆದರೂ ಸಿಮೆಂಟಿನ ಬೆಲೆ ಅಷ್ಟೇ ತಾನೆ ಅಂದುಕೊಂಡು ಅರ್ಧ ಗಂಟೆಯಲ್ಲಿ ಇಳಿದು ಬಂದ.

ಅದೇ ವಾರ ಪಕ್ಕದ ಊರಿನ ರಸ್ತೆ ಕೆಲಸಕ್ಕೆ ಬಂದಿದ್ದ ಜೆಸಿಬಿ ಎರಡು ದಿನ ಬಿಡುವಾಗಿತ್ತು. ಅರ್ಧ ಬಾಡಿಗೆಗೆ ಬರಲು ಒಪ್ಪಿದರು. ಮಳೆಗಾಲಕ್ಕೆ ಮೊದಲು ಅಗೆತ ಮುಗಿಸಿಬಿಟ್ಟರೆ ಸ್ವಾಮಿಗಳಿಗೂ ಸಂತೋಷವಾದೀತು ಎಂದು ಮಹಲಿಂಗ ಕರೆಸಿಯೇಬಿಟ್ಟ.

ಗುಡ್ಡವನ್ನು ಆಳೆತ್ತರ ಕಡಿದು ಮಟ್ಟ ಮಾಡಿದರು. ಅಗೆದ ಮಣ್ಣನ್ನು ಕೆಳಗಿನ ಅಂಚಿಗೆ ತಳ್ಳಿದರು. ಸಂಜೆ ಮಹಲಿಂಗ ಆ ಸಮತಟ್ಟಿನ ಮೇಲೆ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದ. ಅವನಿಗೆ ಹೆಮ್ಮೆಯಾಯಿತು.

ಅಗೆತ ಮುಗಿದ ಒಂಬತ್ತನೆಯ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಳೆ ಹೊಯ್ಯಿತು.

ಗುಡ್ಡದ ಬುಡದಲ್ಲಿ ಚಿಕ್ಕತಾಯಮ್ಮ ಎಂಬ ಮುದುಕಿಯ ಮನೆಯಿತ್ತು. ಬಿದಿರಿನ ಮೊರ ಹೆಣೆದು ಮಾರಿ ಬದುಕುವವಳು. ಸಡಿಲ ಮಣ್ಣು ನೀರಿನೊಂದಿಗೆ ಇಳಿದು ಬಂದು ಅವಳ ಮನೆಯ ಹಿಂಗೋಡೆಯನ್ನು ಕೆಡವಿತು. ಅವಳು ಸಂತೆಗೆ ಹೋಗಿದ್ದಳು. ದಿನಾ ಚಾಪೆ ಹಾಸಿಕೊಳ್ಳುತ್ತಿದ್ದ ಜಾಗದಲ್ಲೇ ಗೋಡೆ ಬಿದ್ದಿತ್ತು.

ಅವಳು ಬಂದಾಗ ಮಹಲಿಂಗ ಕೆಸರು ಬಾಚುತ್ತಿದ್ದ.

ಚಿಕ್ಕತಾಯಮ್ಮ ಸೀಳಿಟ್ಟಿದ್ದ ಬಿದಿರಿನ ಕಟ್ಟನ್ನು ಮಣ್ಣಿನಡಿಯಿಂದ ಎಳೆದು ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು.

"ಇಪ್ಪತ್ತೆಂಟು ವರ್ಷದಿಂದ ಇಲ್ಲಿದೀನಿ ಅಯ್ಯಾ. ನೀರು ಆ ಹಲಸಿನ ಮರದ ಪಕ್ಕ ಹಾದು ಹೊಳೆಗೆ ಹೋಗ್ತಿತ್ತು. ಮನೆಯೊಳಕ್ಕೆ ಬಂದಿದ್ದು ಇವತ್ತೇ."

ಮಹಲಿಂಗ ಸಲಿಕೆ ಕೆಳಗಿಟ್ಟ. ಅವಳನ್ನು ಮಠಕ್ಕೆ ಕರೆತಂದು ಊಟಕ್ಕೂ ಮಲಗುವುದಕ್ಕೂ ವ್ಯವಸ್ಥೆ ಮಾಡಿದ.

ಸ್ವಾಮಿಗಳು ಮರಳಿದ ದಿನ ಅವನು ಏನನ್ನೂ ಮುಚ್ಚಿಡದೆ ಹೇಳಿದ.

"ತಪ್ಪಾಯಿತು ಬುದ್ಧಿ. ಈ ಕೆಲಸ ಬೇರೆ ಯಾರಿಗಾದರೂ ಕೊಡಿ."

"ಬೇರೆಯವರಿಗೆ ಕೊಟ್ಟರೆ ಅವರು ಇನ್ನೊಂದು ಗೋಡೆ ಬೀಳಿಸಿ ಕಲೀಬೇಕಾಗುತ್ತೆ," ಎಂದರು ಸ್ವಾಮಿಗಳು. "ಆ ಅವ್ವ ಮಠದಲ್ಲೇ ಇರಲಿ. ನೀನು ಹೋಗಿ ಅವಳ ಮನೇಲಿರು."

"ಎಷ್ಟು ದಿನ ಬುದ್ಧಿ?"

"ಮಳೆಗಾಲ ಮುಗಿಯೋವರೆಗೆ."

ಮಹಲಿಂಗ ಮಣ್ಣು ತುಂಬಿದ ಚೀಲಗಳನ್ನು ಗೋಡೆಯ ಜಾಗಕ್ಕೆ ಒಟ್ಟಿ ಅಲ್ಲಿ ವಾಸಕ್ಕೆ ನಿಂತ. ನೆಲ ಒದ್ದೆ, ಒಲೆ ಒದ್ದೆ. ಮಳೆ ಬಂದಾಗಲೆಲ್ಲ ಕೊಡೆ ಹಿಡಿದು ಗುಡ್ಡ ಹತ್ತಿದ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಇಬ್ಭಾಗವಾಗುತ್ತದೆ ಎಂದು ನೋಡಿ ಬಿದಿರಿನ ಗೂಟ ಹೊಡೆದ.

ಚಿಕ್ಕತಾಯಮ್ಮ ಮಧ್ಯಾಹ್ನ ಬಂದು ಗೂಟಗಳನ್ನು ನೋಡುತ್ತಿದ್ದಳು.

"ಇದು ತಪ್ಪು ಅಯ್ಯಾ. ದೊಡ್ಡ ಮಳೇಲಿ ನೀರು ಇನ್ನೂ ಎರಡು ಮಾರು ಈಚೆಗೆ ಬರುತ್ತೆ."

ಅವನು ಗೂಟ ಕಿತ್ತು ಅವಳು ತೋರಿಸಿದಲ್ಲಿ ನೆಡುತ್ತಿದ್ದ. ಅವಳ ಮಾತು ಒಂದು ಸಲವೂ ಸುಳ್ಳಾಗಲಿಲ್ಲ.

ಒಂದು ದಿನ ಎಣ್ಣೆಗೆ ಬಂದವರೊಬ್ಬರು ಕೋಲೂರಿಕೊಂಡು, ಮನೆ ಕಟ್ಟುವ ಜಾಗ ನೋಡುತ್ತೇನೆಂದು ಹೊರಟರು. ಇಪ್ಪತ್ತು ಹೆಜ್ಜೆ ಹತ್ತುವಷ್ಟರಲ್ಲಿ ಮಂಡಿ ಹಿಡಿದುಕೊಂಡು ಕೂತುಬಿಟ್ಟರು. ಅವರನ್ನು ಕೆಳಗಿಳಿಸಲು ಇಬ್ಬರು ಬೇಕಾಯಿತು. ಮಹಲಿಂಗ ಅದನ್ನೂ ಬರೆದಿಟ್ಟುಕೊಂಡ.

ಮಳೆಗಾಲ ಮುಗಿಯಿತು. ಅವನು ಇಳಿಜಾರಿನಲ್ಲಿ ಹಿಮ್ಮಡಿ ಊರಿ ಕೂತು ಹೊಸ ಪಟ್ಟಿ ಬರೆದ. ನಾಲ್ಕು ದಿನ ಹಿಡಿಯಿತು.

ಮೊದಲನೆಯದು ಚಿಕ್ಕತಾಯಮ್ಮನ ಗೋಡೆ, ಕಲ್ಲಿನದು. ಆಮೇಲೆ ಕಟ್ಟುವ ಜಾಗದ ಮೇಲ್ಗಡೆ ಇಳಿಜಾರಿಗೆ ಅಡ್ಡವಾಗಿ ಒಂದು ಚರಂಡಿ, ಹಲಸಿನ ಮರದವರೆಗೆ. ಮಣ್ಣು ತಡೆಯಲು ಕಲ್ಲಿನ ಕಟ್ಟೆ, ಒಳಗಿನ ನೀರು ಹೊರಬರಲು ಅದರಲ್ಲಿ ತೂತುಗಳು. ಸಡಿಲ ಮಣ್ಣನ್ನು ಸಾಗಿಸುವ ಖರ್ಚು. ಕಾಲುನೋವಿನವರು ಹತ್ತಬಲ್ಲ, ಕೈಹಿಡಿ ಇರುವ ಸುತ್ತುದಾರಿ. ಇಷ್ಟೆಲ್ಲ ಆದ ಮೇಲೆ ಕೋಣೆಗಳು: ಮೇಲೆ ಎರಡು, ಒಂದು ಹಂತ ಕೆಳಗೆ ಎರಡು. ಆರು ಹೋಗಿ ನಾಲ್ಕಾಗಿತ್ತು.

ಕೊನೆಯಲ್ಲಿ ಎರಡು ಲಕ್ಷ ಎಂದಿತ್ತು. ಅದರ ಮುಂದೆ ಯಾವ ಕೆಲಸದ ಹೆಸರೂ ಇರಲಿಲ್ಲ.

ಸ್ವಾಮಿಗಳು ಅಲ್ಲಿ ಬೆರಳಿಟ್ಟರು. "ಇದು ಯಾತಕ್ಕೆ?"

"ಗೊತ್ತಿಲ್ಲ ಬುದ್ಧಿ. ಅಗೆದ ಮೇಲೆ ಗೊತ್ತಾಗುತ್ತೆ."

ಸ್ವಾಮಿಗಳು ಹಾಳೆ ಮಡಿಸಿ ಅವನ ಕೈಗೆ ಕೊಟ್ಟರು. "ಶುರು ಮಾಡು."

ಪಾಯ ತೆಗೆಯುವಾಗ ಒಂದು ಮೂಲೆಯಲ್ಲಿ ಬಂಡೆ ಸಿಕ್ಕಿತು. ಎರಡು ಲಕ್ಷದಲ್ಲಿ ಒಂದೂವರೆ ಅಲ್ಲೇ ಕರಗಿತು. ಬೇಸಿಗೆಯ ಕೊನೆಗೆ ಕೆಲಸ ಮುಗಿಯಿತು.

ಮನೆ ನೋಡಲು ತಮ್ಮಣ್ಣಗೌಡರು ಬಂದರು. ತೀರಿಹೋದ ತಾಯಿಯ ಹೆಸರಿನಲ್ಲಿ ಒಂದು ಕೋಣೆಗೆಂದು ನಾಲ್ಕು ಲಕ್ಷ ಕೊಟ್ಟವರು. ಕೋಣೆಗಳನ್ನು ಎಣಿಸಿ ನಿಂತರು.

"ಆರು ಅಂದಿದ್ರಿ. ನಮ್ಮವ್ವನ ಕೋಣೆ ಯಾವುದು?"

ಮಹಲಿಂಗ ಅವರನ್ನು ಕರೆದೊಯ್ದು ಚರಂಡಿ ತೋರಿಸಿದ, ಕಟ್ಟೆ ತೋರಿಸಿದ, ದಾರಿ ತೋರಿಸಿದ. ಮಣ್ಣಿನೊಳಗೆ ಹೋದದ್ದನ್ನು ಬಾಯಲ್ಲಿ ಹೇಳಿದ.

ಗೌಡರು ಸಮಾಧಾನದಿಂದಲೇ ಕೇಳಿದರು. "ಎಲ್ಲ ಸರಿ. ಚರಂಡಿ ಮೇಲೆ ನಮ್ಮವ್ವನ ಹೆಸರು ಬರೆಸೋಕಾಗುತ್ತಾ?"

ಉತ್ತರಕ್ಕೆ ಕಾಯದೆ ಹೊರಟುಹೋದರು.

ಮಹಲಿಂಗ ಮಠಕ್ಕೆ ಬಂದ. ಸ್ವಾಮಿಗಳು ಬಟ್ಟೆಯಲ್ಲಿ ಎಣ್ಣೆ ಸೋಸುತ್ತಿದ್ದರು. ಅವನು ಬಟ್ಟೆಯ ಇನ್ನೊಂದು ತುದಿ ಹಿಡಿದ.

"ಅರ್ಧ ದುಡ್ಡು ಮಣ್ಣಿನೊಳಗಿದೆ ಬುದ್ಧಿ. ನೋಡೋರ ಕಣ್ಣಿಗೆ ಬೀಳೋದು ನಾಲ್ಕೇ ಕೋಣೆ. ನಾಳೆ ಬೇರೆಯವರೂ ಬಂದು ಕೇಳ್ತಾರೆ. ಏನು ತೋರಿಸಲಿ?"

"ಜೋರು ಮಳೆ ಬರೋ ದಿನ ಗೌಡರನ್ನ ಕರೆಸು. ಚಿಕ್ಕತಾಯಮ್ಮನ ಮನೇಲಿ ಕೂರಿಸು."

"ಅಲ್ಲಿ ಈಗ ಏನೂ ಆಗೋಲ್ಲವಲ್ಲ ಬುದ್ಧಿ."

"ಅದನ್ನೇ ತೋರಿಸು," ಎಂದರು ಸ್ವಾಮಿಗಳು.