ಮುಟ್ಟದೆ ದಾಟಿದ ಹಾಡು

"ರಾಜಕುಮಾರಿ ದೇವಾಜಮ್ಮಣ್ಣಿಯವರು ಕೈಯಾರೆ ಮಾಡಿದ ವೈರ್‌ಲೆಸ್ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಸೇರಿಕೊಂಡಿದೆ. ಅವರ ಮೂರು ಒಗಟು ಬಿಡಿಸಿ ಅದನ್ನು ಓಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಹುಣ್ಣಿಮೆಗೆ ಉರುಳುವುದು" ಎಂದು ಕಲ್ಗುಂದದ ಅರಸ ಡಂಗುರ ಸಾರಿಸಿದ.

ಒಂದು ಸ್ಪೀಕರಿಗೆ ತಲೆಯೇ ಎಂದು ನೀವು ನಗಬಹುದು. ಆದರೆ ತೀರಿಹೋದ ರಾಣಿ ತೊಟ್ಟಿಲು ತೂಗುತ್ತ ಹಾಡಿದ ಒಂದೇ ಒಂದು ಹಾಡು ಅರಸನ ಮೊಬೈಲಿನಲ್ಲಿ ಉಳಿದಿತ್ತು, ಅದೂ ಸರಿಯಾಗಿ ಕೇಳಿಸದಷ್ಟು ಸಣ್ಣಗೆ. ತಾಯಿಯ ಮುಖ ನೆನಪಿಲ್ಲದ ಮಗಳು, ದನಿಯನ್ನಾದರೂ ಕಿವಿತುಂಬ ಕೇಳೋಣವೆಂದು ಆ ಪೆಟ್ಟಿಗೆ ಕಟ್ಟಿದ್ದಳು.

ಮೊದಲು ಆಸ್ಥಾನದ ಪಂಡಿತ ಬಂದ. "ಹಾಡು ಬಂದರೆ ಅಡಗುತ್ತಾನೆ, ನಿಂತರೆ ಎದ್ದು ಕೂರುತ್ತಾನೆ. ಇವನು ಒಳಗಿನವನೋ ಹೊರಗಿನವನೋ?" ಎಂದಳು ರಾಜಕುಮಾರಿ. ಪಂಡಿತ ಹೊರಗಿನವನೆಂದು ಹೇಳಿ ಪೆಟ್ಟಿಗೆಗೆ ಬೆಳ್ಳಿ ತಗಡು ಹೊದಿಸಿದ. ಗುಂಯ್ ಕದಲಲಿಲ್ಲ. ಪಂಡಿತ ಸೆರೆಮನೆ ಸೇರಿದ.

ನೆರೆಯ ದೊರೆಮಗ ಒಳಗಿನವನೆಂದು ಹೇಳಿ ಗೆದ್ದ. ಎರಡನೆಯ ಒಗಟು ಬಂತು: "ಇಬ್ಬರಿಗೂ ಒಂದೇ ಬ್ಯಾಟರಿಯ ಊಟ. ಒಬ್ಬ ಉಂಡರೆ ಇನ್ನೊಬ್ಬ ಕೂಗುತ್ತಾನೆ. ಯಾಕೆ?" ಅವರ ನಂಟು ಸಾಲದು ಎಂದ ದೊರೆಮಗ, ಪೆಟ್ಟಿಗೆಯೊಳಗಿನ ಎರಡು ಭಾಗಗಳ ನಡುವೆ ಇನ್ನೊಂದು ತಂತಿ ಬಿಗಿದ. ಗುಂಯ್ ಹೋಗಿ ಶಿಳ್ಳೆಯಾಯಿತು. ಅವನೂ ಪಂಡಿತನ ಪಕ್ಕಕ್ಕೆ ಹೋದ.

ಆಮೇಲೆ ಬಂದವನು ರಾಚ, ಮದುವೆ ಮನೆಗಳಿಗೆ ಮೈಕ್‌ಸೆಟ್ ಕಟ್ಟುವವನು. "ತಲೆ ಮೇಲೆ ಆಸೆ ಇಲ್ಲವೇನಯ್ಯ?" ಎಂದಳು ರಾಜಕುಮಾರಿ.

"ಅದೆ ಅಮ್ಮಣ್ಣಿ. ಅದಕ್ಕೇ ಹಾಡು ಹಾಕ್ಬೇಡಿ, ಬರೀ ಆನ್ ಮಾಡಿ. ನಮ್ಮ ಕಸುಬಲ್ಲಿ ಮೊದಲು ಖಾಲಿ ಪೆಟ್ಟಿಗೆ ಕೇಳ್ತೀವಿ."

ಅವನು ಸ್ಪೀಕರಿಗೆ ಕಿವಿಯಿಟ್ಟು ಕೂತ. ರಾಜಕುಮಾರಿ ಮೊದಲ ಎರಡು ಒಗಟು ಹೇಳಿದ ಮೇಲೆ ಮುಚ್ಚಳ ಬಿಚ್ಚಿ ಒಳಗೆ ನೋಡಿದ.

"ಇವನು ಒಳಗಿನವನೇ. ಮೊಬೈಲಿಂದ ಹಾಡು ಹಿಡಿಯೋ ಬೋರ್ಡು, ಅದನ್ನ ದೊಡ್ಡದು ಮಾಡೋ ಆಂಪ್ಲಿಫೈಯರು, ಎರಡೂ ಉಣ್ಣೋದು ಒಂದೇ ಬ್ಯಾಟರೀಲಿ. ಬೋರ್ಡು ಕರೆಂಟನ್ನ ಗುಟುಕು ಗುಟುಕಾಗಿ ಕುಡೀತದೆ. ಆ ಗುಟುಕಿನ ಸದ್ದು ಹಾಡಿನ ತಂತಿ ಹಿಡ್ಕಂಡು ಆಂಪ್ಲಿಫೈಯರಿಗೆ ಬತ್ತದೆ. ದೊರೆಮಗನವ್ರು ಅದಕ್ಕೆ ಇನ್ನೊಂದು ದಾರಿ ಮಾಡ್ಕೊಟ್ರು, ಅಷ್ಟೇಯ."

ರಾಜಕುಮಾರಿ ದನಿ ಇಳಿಸಿ ಮೂರನೆಯ ಒಗಟು ಹೇಳಿದಳು. "ತಂತಿ ಸೇರಿಸಿದರೆ ಸದ್ದು, ಕತ್ತರಿಸಿದರೆ ಹಾಡೇ ಇಲ್ಲ. ಮುಟ್ಟದೆ ದಾಟಿಸುವವನು ಯಾರು? ಇದರ ಉತ್ತರ ನನಗೂ ಗೊತ್ತಿಲ್ಲ. ಪೆಟ್ಟಿಗೆಯೇ ಹೇಳಬೇಕು."

ರಾಚ ಜೇಬಿನಿಂದ ಹುಣಸೆಬೀಜದಷ್ಟು ಟ್ರಾನ್ಸ್‌ಫಾರ್ಮರ್ ಒಂದನ್ನು ತೆಗೆದ. "ಇದರೊಳಗೆ ಎರಡು ಸುರುಳಿ ಅವೆ, ಒಂದನ್ನೊಂದು ಮುಟ್ಟಲ್ಲ. ಆದ್ರೂ ಈಕಡೆ ಹಾಡಿದ್ದು ಆಕಡೆ ಕೇಳ್ತದೆ. ಗುಟುಕಿನ ಸದ್ದು ತಂತಿ ಹಿಡ್ಕಂಡೇ ಬರ್ಬೇಕು, ಅದಕ್ಕೆ ಮಾತ್ರ ದಾಟೋಕೆ ದಾರಿ ಇಲ್ಲ." ದೊರೆಮಗನ ತಂತಿ ಕಿತ್ತು, ಹಾಡಿನ ತಂತಿಗಳನ್ನು ಕತ್ತರಿಸಿ, ನಡುವೆ ಅದನ್ನು ಬೆಸುಗೆ ಹಾಕಿದ.

ಆನ್ ಮಾಡಿದರೆ ಏನೂ ಇಲ್ಲ. "ಕೆಟ್ಟೇ ಹೋಯಿತು" ಎಂದು ಅರಸ ಎದ್ದು ನಿಂತ. ರಾಜಕುಮಾರಿ ಮೊಬೈಲು ಒತ್ತಿದಳು.

ಆ ನಿಶ್ಶಬ್ದದಲ್ಲಿ ಮೊದಲು ತೊಟ್ಟಿಲ ಹಗ್ಗ ಕಿರುಗುಟ್ಟಿತು. ಒಬ್ಬ ಹೆಂಗಸು ಉಸಿರೆಳೆದುಕೊಂಡಳು. "ಬಾ ನನ್ನ ಸಣ್ಣಮ್ಮ" ಎಂದಳು. ಆಮೇಲೆ ಹಾಡು ಬಂತು. ಸಭೆಗೆ ಸಭೆಯೇ ಮೈ ಜುಮ್ಮೆಂದು ನಿಂತಿತು.

"ಸಣ್ಣಮ್ಮ ಯಾರು?" ಎಂದಳು ರಾಜಕುಮಾರಿ.

"ನೀನೇ ಮಗಳೇ. ಹಾಗೇ ಕರೆಯುತ್ತಿದ್ದಳು. ನಾನೇ ಮರೆತಿದ್ದೆ." ಅರಸ ಅಳುತ್ತಿದ್ದ. ಕಣ್ಣೊರೆಸಿಕೊಂಡು ರಾಚನ ಕಡೆ ತಿರುಗಿ, ಏನು ಬೇಕು ಎಂದು ಕೇಳಿದ.

"ಆ ಇಬ್ಬರ ತಲೆ ಕೊಡಿ ಬುದ್ಧಿ. ಅವರವರ ಕುತ್ತಿಗೆ ಮೇಲೇ ಇರ್ಲಿ."

ಅರಸ ಅದನ್ನೂ ಕೊಟ್ಟ, ಅರಮನೆಯ ಪಕ್ಕದಲ್ಲಿ ಒಂದು ಮನೆಯನ್ನೂ ಕೊಟ್ಟ. ಪಂಡಿತ, ದೊರೆಮಗ ಸೆರೆಯಿಂದ ಬಂದಾಗ ಯಾರೂ ತಿರುಗಿ ನೋಡಲಿಲ್ಲ. ಹಾಡು ಮತ್ತೆ ಮೊದಲಿನಿಂದ ಶುರುವಾಗಿತ್ತು. ಇಬ್ಬರೂ ಸದ್ದಿಲ್ಲದೆ ರಾಚನ ಪಕ್ಕ ನೆಲದ ಮೇಲೆ ಕೂತರು.